ನೀಲಗಿರಿಯ ಎಲೆಯೂ ಕೋಆಲದ ಹೊಟ್ಟೆಯೂ

ನೆಗಡಿ ಹಿಡಿದಾಗ ಕರವಸ್ತ್ರಕ್ಕೆ ನಾಲ್ಕು ತೊಟ್ಟು ನೀಲಗಿರಿ ಎಣ್ಣೆಯನ್ನು ಹಾಕಿಕೊಂಡು ಮೂಸುವುದು ನಮ್ಮ ಮನೆಗಳಲ್ಲಿ ಬಹಳ ಹಿಂದಿನಿಂದ ಬಂದ ರೂಢಿ. ಮೂಸುವುದಕ್ಕೇನೋ ಅದು ಹಿತವೇ. ಆದರೆ ಅದೇ ಎಣ್ಣೆ ಒಂದು ಚಮಚದಷ್ಟು ಹೊಟ್ಟೆಗೆ ಹೋದರೆ ಎಳೆಯ ಮಕ್ಕಳ ಪ್ರಾಣಕ್ಕೇ ಸಂಚಕಾರ. ಆ ಎಣ್ಣೆಯನ್ನು ಹೊತ್ತ ಎಲೆಗೆ ನಮ್ಮ ದನಕರುಗಳು ಬಾಯಿ ಹಾಕುವುದಿಲ್ಲ. ಕೋಲಾರದ ಕಡೆಯ ರೈತರು ನೀಲಗಿರಿ ತೋಪನ್ನು ಕಾವಲಿಲ್ಲದೆ ಬಿಟ್ಟು ನಿಶ್ಚಿಂತರಾಗಿರುತ್ತಿದ್ದುದು ಈ ಧೈರ್ಯದಿಂದಲೇ. 'ಆಡು ಮುಟ್ಟದ ಸೊಪ್ಪಿಲ್ಲ' ಎಂಬ ಗಾದೆಯನ್ನು ಕಟ್ಟಿದ ನಮ್ಮ ಹಿರಿಯರು ನೀಲಗಿರಿ ಮರವನ್ನು ಕಂಡವರಲ್ಲವೆಂದು ತೋರುತ್ತದೆ.

ಹೀಗಿರುವಾಗ, ಆ ಎಲೆಯನ್ನೇ ಹಗಲಿರುಳೂ ತಿಂದು, ಬೇರೆ ಆಹಾರವನ್ನು ಹೆಚ್ಚುಕಡಮೆ ಮೂಸಿಯೂ ನೋಡದೆ, ಮರದ ಮೇಲೆಯೇ ಜೀವಮಾನವನ್ನು ಕಳೆಯುವ ಪ್ರಾಣಿಯೊಂದು ಇದೆಯೆಂದರೆ ಯಾರಿಗಾದರೂ ಸೋಜಿಗವಾಗಬೇಕಾದುದೇ. ಆಸ್ಟ್ರೇಲಿಯದ ಕೋಆಲವೇ ಆ ಪ್ರಾಣಿ. ಅದರ ಚಿತ್ರವನ್ನು ನೋಡದ ವಿದ್ಯಾರ್ಥಿಗಳು ಇರಲಾರರು. ಚಿತ್ರವನ್ನು ನೋಡಿದವರು ಒಂದು ಪ್ರಶ್ನೆಯನ್ನು ಕೇಳುವುದುಂಟು: ನಮ್ಮಲ್ಲಿಯೂ ಲಕ್ಷಾಂತರ ನೀಲಗಿರಿ ಮರಗಳಿವೆಯಲ್ಲ, ನಾಲ್ಕು ಕೋಆಲಗಳನ್ನು ತಂದು ಬಿಟ್ಟರೆ ಅವು ಇಲ್ಲಿ ಬದುಕಲಾರವೇ? ಪ್ರಶ್ನೆ ಸರಳವಾಗಿ ಕಾಣುತ್ತದೆ. ಉತ್ತರವನ್ನು ತಿಳಿಯಬೇಕಾದರೆ ಮಾತ್ರ ಆ ಪ್ರಾಣಿಯ ಹೊಟ್ಟೆಯೊಳಕ್ಕೇ ನಾವು ಇಣುಕಿ ನೋಡಬೇಕಾಗುತ್ತದೆ.

ಮೊದಲು ಅದರ ಕುಲಗೋತ್ರಗಳನ್ನು ಹೇಳಿಬಿಡೋಣ. ಕೋಆಲವನ್ನು ಕರಡಿಯೆಂದು ಕರೆಯುವ ವಾಡಿಕೆ ಇದೆ. ಅದರ ಶಾಸ್ತ್ರೀಯ ನಾಮಕ್ಕೂ 'ಬೂದಿಬಣ್ಣದ ಚೀಲದ ಕರಡಿ' ಎಂದೇ ಅರ್ಥ. ಆದರೆ ಕರಡಿಗೂ ಅದಕ್ಕೂ ಯಾವ ಹತ್ತಿರದ ನಂಟೂ ಇಲ್ಲ. ಕಾಂಗರೂವಿನಂತೆ ಅದು ಹೊಟ್ಟೆಚೀಲದ ಸಸ್ತನಿಗಳ ಗುಂಪಿಗೆ ಸೇರಿದುದು. ಈಗ ಜೀವಿಸಿರುವವುಗಳಲ್ಲಿ ಅದರ ಅತಿ ಸಮೀಪದ ಬಂಧುವೆಂದರೆ ನೆಲದಲ್ಲಿ ಬಿಲ ತೋಡುವ ವಾಂಬ್ಯಾಟ್ ಎಂಬ ಪ್ರಾಣಿ. ಆಸ್ಟ್ರೇಲಿಯ ಖಂಡದಲ್ಲೆಲ್ಲ ಕೋಆಲ ಹರಡಿಕೊಂಡಿಲ್ಲ. ಕ್ವೀನ್ಸ್‌ಲೆಂಡಿನಿಂದ ತೊಡಗಿ ನ್ಯೂ ಸೌತ್ ವೇಲ್ಸ್, ವಿಕ್ಟೋರಿಯ ಪ್ರಾಂತಗಳನ್ನು ಹಾದು ದಕ್ಷಿಣ ಆಸ್ಟ್ರೇಲಿಯದ ಒಂದು ಅಂಚಿನವರೆಗೆ, ಪೂರ್ವ ಮತ್ತು ಆಗ್ನೇಯ ದಿಕ್ಕಿನ ಕಾಡುಗಳಲ್ಲಿ ಮಾತ್ರ ಅದರ ವಾಸ. ಉತ್ತರದ ಬಿಸಿ ಸೀಮೆಯ ಕೋಆಲ ಗಿಡ್ಡ ತುಪ್ಪುಳಿನ ಸಣ್ಣ ಪ್ರಾಣಿ, ಗಂಡು ಆರೇಳು ಕಿಲೋಗ್ರಾಮ್ ತೂಗುತ್ತದೆ. ದಕ್ಷಿಣದ ಚಳಿಸೀಮೆಯಲ್ಲಿಯಾದರೋ ಅದೇ ಗಂಡು ದಟ್ಟವಾದ ತುಪ್ಪುಳನ್ನು ಹೊದ್ದು ಹನ್ನೆರಡು ಕಿಲೋಗ್ರಾಮಿನವರೆಗೂ ಬೆಳೆಯುತ್ತದೆ.

ಇನ್ನು ಎಲೆಯ ವಿಚಾರ. ಆಸ್ಟ್ರೇಲಿಯದ ಮಣ್ಣು ಬಹು ಪುರಾತನವಾದುದು. ಕೋಟ್ಯಂತರ ವರ್ಷಗಳ ಮಳೆಗಾಳಿಗಳಿಗೆ ತೊಳೆದುಹೋಗಿ ಸಾರಗುಂದಿದುದು. ಅಂಥ ಬಡ ನೆಲದಲ್ಲಿ ಒಂದು ಎಲೆಯನ್ನು ತಳೆಯುವುದು ಮರಕ್ಕೆ ದುಬಾರಿಯ ಕೆಲಸ. ತಳೆದ ಎಲೆಯನ್ನು ಯಾರೋ ಮೇದುಹೋದರೆ ಆ ನಷ್ಟವನ್ನು ತುಂಬಿಕೊಳ್ಳುವುದು ಕಷ್ಟ. ಆದ್ದರಿಂದ ನೀಲಗಿರಿಯ ಜಾತಿಯ ಮರಗಳು ಎಲೆಯನ್ನು ಕಾಯುವುದಕ್ಕೆ ಹಲವು ಉಪಾಯಗಳನ್ನು ಮಾಡಿಕೊಂಡಿವೆ. ಎಲೆ ತೊಗಲಿನಂತೆ ಒರಟು, ತುಂಬ ನಾರು. ಪ್ರಾಣಿಯ ಮೈಗೆ ಬೇಕಾದ ಸಾರಜನಕ ಅದರಲ್ಲಿ ಅತ್ಯಲ್ಪ. ಇರುವ ಅಲ್ಪವನ್ನೂ ಟ್ಯಾನಿನ್ ಎಂಬ ಒಗರು ವಸ್ತು ಬಿಗಿಯಾಗಿ ಹಿಡಿದುಕೊಂಡು ಜೀರ್ಣವಾಗಗೊಡದು. ಇವೆಲ್ಲದರ ಮೇಲೆ ನಮಗೆ ಪರಿಚಿತವಾದ ಘಾಟಿನ ಎಣ್ಣೆ. ಅದಲ್ಲದೆ, ತಿಂದವರಿಗೆ ಓಕರಿಕೆಯನ್ನು ತರುವ ಇನ್ನೊಂದು ಬಗೆಯ ವಿಷಗಳೂ ಉಂಟು. ಒಟ್ಟಿನಲ್ಲಿ, ಹಸಿವಿಗೆ ಇದಕ್ಕಿಂತ ಕೆಟ್ಟ ಊಟವನ್ನು ಹುಡುಕುವುದೇ ಕಷ್ಟ.

ಆದರೆ ಎಲ್ಲರೂ ಬೇಡವೆಂದು ಬಿಟ್ಟ ಊಟದಲ್ಲಿ ಒಂದು ಲಾಭವೂ ಇದೆ: ಎಲೆಗೆ ಪಾಲು ಕೇಳುವವರು ವಿರಳ. ಕೋಆಲದ ಪೂರ್ವಜರು ಹಿಡಿದದ್ದು ಈ ದಾರಿಯನ್ನು. ದಾರಿಯನ್ನು ಹಿಡಿದ ಮೇಲೆ ಅದರ ಅಂಗಾಂಗವೂ ದಿನಚರಿಯೂ ಅದಕ್ಕೆ ತಕ್ಕಂತೆ ರೂಪುಗೊಂಡುವು.

ಬಾಯಿಂದಲೇ ಪ್ರಾರಂಭಿಸೋಣ. ಅದರ ದವಡೆ ಹಲ್ಲುಗಳಿಗೆ ಹರಿತವಾದ ಏಣುಗಳಿವೆ. ಅವು ಎಲೆಯನ್ನು ಕತ್ತರಿಸಿ ನುಣ್ಣಗೆ ಅರೆಯುತ್ತವೆ. ನುಂಗಿದ ಮೇಲೆ ನಡೆಯುವ ಮುಖ್ಯ ವ್ಯಾಪಾರ ಅಂಧಾಂತ್ರದಲ್ಲಿ. ಸಣ್ಣ ಕರುಳು ದೊಡ್ಡ ಕರುಳನ್ನು ಕೂಡುವ ಸ್ಥಳದಲ್ಲಿ, ಒಂದು ಕೊನೆ ಮುಚ್ಚಿದ ಚೀಲದಂತೆ ಇರುವ ಭಾಗಕ್ಕೆ ಈ ಹೆಸರು. ನಮ್ಮಲ್ಲಿ ಅದು ಬೆರಳುದ್ದವೂ ಇಲ್ಲದ ಚೀಲ. ಮುಕ್ಕಾಲು ಮೀಟರ್ ಉದ್ದದ ಕೋಆಲದ ಒಳಗೆ ಸುರುಳಿ ಸುತ್ತಿಕೊಂಡಿರುವ ಅಂಧಾಂತ್ರವಾದರೋ ಸುಮಾರು ಎರಡು ಮೀಟರ್ ಉದ್ದ! ದೊಡ್ಡ ನಾರುಗಳನ್ನು ಬೇಗನೆ ಹೊರಕ್ಕೆ ತಳ್ಳಿ, ನುಣ್ಣಗಿನ ಕಣಗಳನ್ನು ಮಾತ್ರ ಅದು ದಿನಗಟ್ಟಲೆ ತಡೆಹಿಡಿದುಕೊಳ್ಳುತ್ತದೆ. ಅಲ್ಲಿ ನೆಲಸಿರುವ ಕೋಟಿ ಕೋಟಿ ಬ್ಯಾಕ್ಟೀರಿಯಗಳು ಆ ಕಣಗಳನ್ನು ಹುಳಿಯಿಸಿ, ಟ್ಯಾನಿನ್ನಿನ ಬಿಗಿಹಿಡಿತವನ್ನು ಬಿಡಿಸಿ, ಒಡೆಯನಿಗೆ ಒಂದಿಷ್ಟು ಅನ್ನವನ್ನು ಒದಗಿಸುತ್ತವೆ. ಈ ಅಡುಗೆಭಟ್ಟರ ವಿಷಯ ಮುಂದೆ ಮತ್ತೆ ಬರಲಿದೆ; ಓದುಗರು ಮರೆಯಬಾರದು.

ವಿಷದ ಕಥೆಯೇನು? ಅದನ್ನು ನಿವಾರಿಸುವುದು ಯಕೃತ್ತಿನ ಹೊಣೆ. 2018ರಲ್ಲಿ ಹಲವು ದೇಶಗಳ ವಿಜ್ಞಾನಿಗಳು ಕೂಡಿ ಕೋಆಲದ ವಂಶವಾಹಿಗಳ ಸಮಗ್ರ ನಕ್ಷೆಯನ್ನು ಪ್ರಕಟಿಸಿದರು. ವಿಷವಸ್ತುಗಳನ್ನು ಒಡೆದುಹಾಕುವ ಕಿಣ್ವಗಳ ಒಂದು ಮನೆತನ ಈ ಪ್ರಾಣಿಯಲ್ಲಿ ವಿಶೇಷವಾಗಿ ಹೆಚ್ಚಿಕೊಂಡಿರುವುದು ಅದರಿಂದ ಗೊತ್ತಾಯಿತು. ಕಹಿಯನ್ನು ಗುರುತಿಸುವ ವಂಶವಾಹಿಗಳೂ ಹಾಗೆಯೇ ಹೆಚ್ಚಾಗಿದ್ದುವು. ಎಂದರೆ, ಕೋಆಲಕ್ಕೆ ವಿಷವನ್ನು ಅರಗಿಸುವ ಶಕ್ತಿಯೂ ಉಂಟು, ವಿಷ ಎಷ್ಟಿದೆಯೆಂದು ಅಳೆಯುವ ನಾಲಗೆಯೂ ಉಂಟು. ಈ ಯಕೃತ್ತಿನಿಂದ ಪಶುವೈದ್ಯರಿಗೆ ಒದಗಿದ ಪೇಚಾಟವೂ ಕಡಮೆಯದಲ್ಲ. ಗಾಯಗೊಂಡ ಕೋಆಲಕ್ಕೆ ನೋವು ಶಮನದ ಔಷಧವನ್ನು ಕೊಟ್ಟರೆ, ಅದನ್ನೂ ಒಂದು ವಿಷವೆಂದೇ ಬಗೆದು ಯಕೃತ್ತು ಬಹುಬೇಗ ಹೊರಹಾಕಿಬಿಡುತ್ತದೆ.

ಅಳೆಯುವ ನಾಲಗೆ ಎಂದೆವು. ಮೂಗೂ ಅದಕ್ಕೆ ಸಹಾಯಕ. ಎಲೆಯನ್ನು ಮೂಸದೆ ಕೋಆಲ ಬಾಯಿಗೆ ಹಾಕುವುದೇ ಇಲ್ಲ. ಆಸ್ಟ್ರೇಲಿಯದಲ್ಲಿ ನೀಲಗಿರಿ ಕುಲದ ಪ್ರಭೇದಗಳು ಏಳುನೂರಕ್ಕೂ ಹೆಚ್ಚು. ಅವುಗಳಲ್ಲಿ ಕೋಆಲ ತಿನ್ನುವುದು ಕೆಲವು ಹತ್ತುಗಳನ್ನು. ಒಂದೊಂದು ಪ್ರದೇಶದಲ್ಲಿ ಅದು ನಿಜವಾಗಿ ನೆಚ್ಚುವುದು ಎರಡು ಮೂರನ್ನು ಮಾತ್ರ. ಅಷ್ಟಕ್ಕೇ ಅದರ ಮಡಿವಂತಿಕೆ ಮುಗಿಯಲಿಲ್ಲ. ವಿಕ್ಟೋರಿಯದ ಫಿಲಿಪ್ ದ್ವೀಪದಲ್ಲಿ ಒಂದೊಂದು ಮರದ ಎಲೆಯನ್ನೂ ಬೇರೆಬೇರೆಯಾಗಿ ರಾಸಾಯನಿಕ ಪರೀಕ್ಷೆಗೆ ಒಳಪಡಿಸಿದ ಇಬ್ಬರು ಸಂಶೋಧಕರು 2005ರಲ್ಲಿ ಪ್ರಕಟಿಸಿದ ವಿಷಯವಿದು: ಒಂದೇ ಪ್ರಭೇದದ ಮರಗಳಲ್ಲಿಯೇ ವಿಷದ ಪ್ರಮಾಣ ಮರದಿಂದ ಮರಕ್ಕೆ ಬಹಳ ಬದಲಾಗುತ್ತದೆ, ಕೋಆಲಗಳು ವಿಷ ಕಡಮೆಯಿರುವ ದೊಡ್ಡ ಮರಗಳನ್ನು ಆರಿಸಿಕೊಂಡು ಮತ್ತೆ ಮತ್ತೆ ಅಲ್ಲಿಗೇ ಬರುತ್ತವೆ. ನಮ್ಮ ಕಣ್ಣಿಗೆ ಒಂದೇ ಸಮನೆ ಹಸುರಾಗಿ ಕಾಣುವ ಕಾಡು ಅವುಗಳ ಮೂಗಿಗೆ ಇಲ್ಲೊಂದು ಅಲ್ಲೊಂದು ಅನ್ನಸತ್ರವಿರುವ ಬರಡು ಬಯಲೆಂದೇ ಹೇಳಬೇಕು.

ಇಷ್ಟೆಲ್ಲ ಪಾಡುಪಟ್ಟು ದಿನಕ್ಕೆ ಅರ್ಧ ಕಿಲೋಗ್ರಾಮಿನಷ್ಟು ಎಲೆಯನ್ನು ತಿಂದರೂ ದೊರೆಯುವ ಶಕ್ತಿ ಅಲ್ಪ. ವಿಷವನ್ನು ಅಳಿಸುವುದಕ್ಕೆ ತಗಲುವ ವೆಚ್ಚವನ್ನು ಕಳೆದರೆ ಉಳಿಯುವುದು ಇನ್ನೂ ಅಲ್ಪ. ವರಮಾನ ಕಡಮೆಯಾದವನು ಖರ್ಚನ್ನು ಹಿಡಿಯಬೇಕಷ್ಟೆ. ಅದೇ ತೂಕದ ಸಾಮಾನ್ಯ ಸಸ್ತನಿಯೊಂದು ಸುಮ್ಮನೆ ಕುಳಿತಿರುವಾಗ ವ್ಯಯಿಸುವ ಶಕ್ತಿಯ ಸುಮಾರು ಅರ್ಧದಲ್ಲಿ ಕೋಆಲದ ಸಂಸಾರ ಸಾಗುತ್ತದೆ. ದಿನದ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಹದಿನೆಂಟು, ಇಪ್ಪತ್ತು ಗಂಟೆಗಳ ಕಾಲ ಅದು ಕೊಂಬೆಯ ಕವಲಿನಲ್ಲಿ ಕುಳಿತು ನಿದ್ರಿಸುತ್ತದೆ, ಇಲ್ಲವೆ ತೂಕಡಿಸುತ್ತದೆ. ನೀಲಗಿರಿ ಎಲೆ ಅದಕ್ಕೆ ಮದ್ಯದಂತೆ ಮತ್ತೇರಿಸುವುದರಿಂದ ಹೀಗೆ ಮಲಗುತ್ತದೆಂದು ಹೇಳುವವರಿದ್ದಾರೆ. ಇದು ಕಟ್ಟುಕಥೆ. ಬಡತನವನ್ನು ಅಮಲೆಂದು ತಿಳಿಯುವ ತಪ್ಪು ಬೇರೆ ಕಡೆಗಳಲ್ಲಿಯೂ ನಡೆಯುವುದುಂಟು.

ಕೋಆಲ ಎಂಬ ಹೆಸರು ಸಿಡ್ನಿಯ ಸುತ್ತಣ ಮೂಲನಿವಾಸಿಗಳಾದ ದಾರುಗ್ ಜನರ ಮಾತಿನಿಂದ ಬಂದುದು. ಅದಕ್ಕೆ 'ನೀರು ಕುಡಿಯದುದು' ಎಂಬ ಅರ್ಥವನ್ನು ಜನರು ಹೇಳಿಕೊಂಡು ಬಂದಿದ್ದಾರೆ. ಎಲೆಯ ತೂಕದಲ್ಲಿ ಅರ್ಧಕ್ಕರ್ಧ ನೀರೇ ಇರುವುದರಿಂದ ಅದು ನೆಲಕ್ಕಿಳಿದು ಕೆರೆ ಹಳ್ಳಗಳನ್ನು ಅರಸುವುದು ಅಪರೂಪವೆಂಬುದು ನಿಜ. ಆದರೆ ಅದು ನೀರನ್ನು ಕುಡಿಯುವುದೇ ಇಲ್ಲವೆಂಬ ಮಾತು ಈಚೆಗೆ ಸುಳ್ಳಾಯಿತು. ಮಳೆ ಬೀಳುವಾಗ ಮರದ ಬೊಡ್ಡೆಯ ಮೇಲೆ ಹರಿದು ಬರುವ ನೀರನ್ನು ಕಾಡಿನ ಕೋಆಲಗಳು ನೆಕ್ಕಿ ಕುಡಿಯುವುದನ್ನು ವ್ಯಾಲೆಂಟಿನಾ ಮೆಲ್ಲಾ ಮತ್ತು ಅವರ ಸಂಗಡಿಗರು 2020ರಲ್ಲಿ ವರದಿಮಾಡಿದರು. ಸುರಿಯುವ ಮಳೆಯಲ್ಲಿ ಮರದಡಿ ನಿಂತು ಕೋಆಲವನ್ನು ನೋಡುತ್ತ ಕೂಡುವ ತಾಳ್ಮೆ ಅದಕ್ಕೆ ಮೊದಲು ಯಾರಿಗೂ ಬಂದಿರಲಿಲ್ಲವೋ ಏನೋ.

ಬೇಸಗೆಯ ಸೆಕೆಯನ್ನು ಅದು ಎದುರಿಸುವ ಬಗೆಯೂ ಇಷ್ಟೇ ಸ್ವಾರಸ್ಯವಾದುದು. ಬಿಲವಿಲ್ಲ, ಗೂಡಿಲ್ಲ, ಪೊಟರೆಯಿಲ್ಲ. ಬಿಸಿಲು ಏರಿದರೆ ಹೋಗುವುದೆಲ್ಲಿಗೆ? ವಿಕ್ಟೋರಿಯದ ಫ್ರೆಂಚ್ ದ್ವೀಪದಲ್ಲಿ, ಶಾಖವನ್ನು ಚಿತ್ರಿಸುವ ಕ್ಯಾಮರಾಗಳಿಂದ ನಡೆದು 2014ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನು ಬಿಡಿಸಿತು. ಸೆಕೆ ಹೆಚ್ಚಾದಂತೆ ಕೋಆಲಗಳು ಎಲೆಯುಳ್ಳ ಮೇಲಿನ ಕೊಂಬೆಗಳನ್ನು ಬಿಟ್ಟು ಕೆಳಕ್ಕೆ ಬಂದು, ದಪ್ಪನಾದ ಕಾಂಡಕ್ಕೆ ಹೊಟ್ಟೆಯನ್ನು ಆನಿಸಿ ತಬ್ಬಿಕೊಳ್ಳುತ್ತವೆ. ಅಂಥ ದಿನಗಳಲ್ಲಿ ಕಾಂಡ ಗಾಳಿಗಿಂತ ಹಲವು ಡಿಗ್ರಿ ತಂಪಾಗಿರುತ್ತದೆ. ಕೆಲವು ಮರಗಳಲ್ಲಿ ಈ ಅಂತರ ಸುಮಾರು ಒಂಬತ್ತು ಡಿಗ್ರಿ ಸೆಲ್ಸಿಯಸ್. ಅತ್ಯಂತ ತಂಪಾದದ್ದು ಒಂದು ಬಗೆಯ ಅಕೇಶಿಯ ಮರ. ಅದರ ಎಲೆ ಕೋಆಲದ ಆಹಾರವೇ ಅಲ್ಲ! ಆದುದರಿಂದ, ಊಟದ ಮರಗಳನ್ನು ಮಾತ್ರ ಎಣಿಸಿ ಕೋಆಲದ ಮನೆಯನ್ನು ಅಳೆದವರು ಅದರ ಅಡುಗೆಮನೆಯನ್ನಷ್ಟೇ ಅಳೆದಂತಾಯಿತು.

ಈಗ ಮರಿಯ ವಿಚಾರಕ್ಕೆ ಬರಬೇಕು, ನಮ್ಮ ಪ್ರಶ್ನೆಯ ಗಂಟು ಇರುವುದು ಅಲ್ಲಿಯೇ. ಸುಮಾರು ಮೂವತ್ತೈದು ದಿನಗಳ ಗರ್ಭವಾಸದ ಬಳಿಕ ಹುಟ್ಟುವ ಮರಿ ಎರಡು ಸೆಂಟಿಮೀಟರ್ ಉದ್ದದ, ಒಂದು ಗ್ರಾಮೂ ತೂಗದ, ಕಣ್ಣು ಕಿವಿ ತೆರೆಯದ ಒಂದು ಮಾಂಸದ ತುಣುಕು. ತಾನಾಗಿಯೇ ತೆವಳಿಕೊಂಡು ತಾಯಿಯ ಹೊಟ್ಟೆಚೀಲವನ್ನು ಸೇರಿ, ಮೊಲೆತೊಟ್ಟನ್ನು ಕಚ್ಚಿ, ಸುಮಾರು ಆರು ತಿಂಗಳು ಅಲ್ಲಿಯೇ ಬೆಳೆಯುತ್ತದೆ. ಹಾಲು ಕುಡಿದು ಬೆಳೆದ ಆ ಹೊಟ್ಟೆಗೆ ನೀಲಗಿರಿ ಎಲೆಯನ್ನು ಒಮ್ಮೆಲೇ ಹಾಕಿದರೆ ಅರಗುವುದು ಹೇಗೆ? ಅರಗಿಸುವ ಬ್ಯಾಕ್ಟೀರಿಯಗಳು ಅಲ್ಲಿ ಇನ್ನೂ ನೆಲಸಿಲ್ಲವಷ್ಟೆ. ಆರೇಳನೆಯ ತಿಂಗಳಲ್ಲಿ ತಾಯಿ ತನ್ನ ಅಂಧಾಂತ್ರದಿಂದ ಮೆತ್ತಗಿನ ಗಂಜಿಯಂಥ ಒಂದು ವಿಶೇಷ ಮಲವನ್ನು ವಿಸರ್ಜಿಸುತ್ತದೆ. ಚೀಲದ ಬಾಯಿ ಕೆಳಮುಖವಾಗಿ ಇರುವುದರಿಂದ ಮರಿ ಅಲ್ಲಿಂದಲೇ ತಲೆಯನ್ನು ಚಾಚಿ ಅದನ್ನು ತಿನ್ನುತ್ತದೆ. ಕೇಳುವುದಕ್ಕೆ ಹೇಸಿಗೆ ಎನಿಸಬಹುದು. ಆದರೆ ಕೋಆಲದ ಅನ್ನಪ್ರಾಶನ ಇದೇ. ತಾಯಿಯ ಹೊಟ್ಟೆಯ ಬ್ಯಾಕ್ಟೀರಿಯಗಳು ಈ ಗಂಜಿಯೊಡನೆ ಮರಿಯ ಹೊಟ್ಟೆಯನ್ನು ಸೇರಿ ಬಿಡಾರ ಹೂಡುತ್ತವೆ. ಆಮೇಲೆ ಇನ್ನಾರು ತಿಂಗಳ ಕಾಲ ಮರಿ ತಾಯಿಯ ಬೆನ್ನೇರಿ ತಿರುಗುತ್ತ, ತಾಯಿ ತಿನ್ನುವ ಮರದ ಎಲೆಯನ್ನೇ ತಾನೂ ತಿನ್ನಲು ಕಲಿಯುತ್ತದೆ.

ಹೀಗೆ ಬಂದ ಬ್ಯಾಕ್ಟೀರಿಯಗಳು ಎಲ್ಲ ನೀಲಗಿರಿಗಳಿಗೂ ಸಲ್ಲುತ್ತವೆಯೆ? ಈ ಪ್ರಶ್ನೆಗೆ ಉತ್ತರ ಒಂದು ದುರಂತದಿಂದ ಹೊರಟಿತು. ಅದರ ಹಿನ್ನೆಲೆಯನ್ನು ಸ್ವಲ್ಪ ಹೇಳಬೇಕು. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ತುಪ್ಪುಳಿನ ವ್ಯಾಪಾರಕ್ಕಾಗಿ ಕೋಆಲಗಳನ್ನು ಲಕ್ಷಗಟ್ಟಲೆ ಕೊಂದರು. 1927ರ ಆಗಸ್ಟ್ ತಿಂಗಳೊಂದರಲ್ಲಿಯೇ ಕ್ವೀನ್ಸ್‌ಲೆಂಡಿನಲ್ಲಿ ಐದು ಲಕ್ಷಕ್ಕೂ ಹೆಚ್ಚು ಪ್ರಾಣಿಗಳು ಹತವಾದುವು. ದಕ್ಷಿಣದಲ್ಲಿ ಕುಲವೇ ಅಳಿಯುವ ಹಂತಕ್ಕೆ ಬಂದಿತ್ತು. ಅಲ್ಲಿ ವಂಶವನ್ನು ಉಳಿಸಿದುದು, ಹತ್ತೊಂಬತ್ತನೆಯ ಶತಮಾನ ಮುಗಿಯುವುದರೊಳಗೆ ಫ್ರೆಂಚ್ ದ್ವೀಪಕ್ಕೆ ಒಯ್ದು ಬಿಟ್ಟಿದ್ದ ಕೆಲವೇ ಕೋಆಲಗಳು. ಅವುಗಳ ಸಂತಾನವನ್ನು 1920ರ ದಶಕದಿಂದ ಊರೂರಿಗೆ ಒಯ್ದು ಬಿಡುತ್ತ ಬಂದರು. ಕಾಂಗರೂ ದ್ವೀಪಕ್ಕೆ ಆಗ ಹೋದವು ಹದಿನೆಂಟು ಪ್ರಾಣಿಗಳು. 2019ರ ವೇಳೆಗೆ ಅಲ್ಲಿನ ಸಂಖ್ಯೆ ಸುಮಾರು ಐವತ್ತು ಸಾವಿರವೆಂದು ಅಂದಾಜು. ಆ ವರ್ಷದ ಕೊನೆಯಲ್ಲಿ ಹೊತ್ತಿದ ಕಾಳ್ಗಿಚ್ಚು ಅವುಗಳಲ್ಲಿ ಹೆಚ್ಚಿನ ಪಾಲನ್ನು ಬಲಿ ತೆಗೆದುಕೊಂಡಿತು.

ವಿಕ್ಟೋರಿಯದ ಕಡಲ ಅಂಚಿನ ಕೇಪ್ ಆಟ್ವೇ ಎಂಬಲ್ಲಿಗೆ 1981ರಲ್ಲಿ ಎಪ್ಪತ್ತೈದು ಕೋಆಲಗಳು ಬಂದುವು. ಅಲ್ಲಿ ಮನ್ನಾ ಗಮ್ ಎಂಬ ನೀಲಗಿರಿ ಪ್ರಭೇದ ಸಮೃದ್ಧವಾಗಿತ್ತು. ಅದು ಕೋಆಲಗಳಿಗೆ ಮೃಷ್ಟಾನ್ನ. ಉಂಡು ಬೆಳೆದು ಸಂಖ್ಯೆ ಹೆಚ್ಚಿತು, ಹೆಚ್ಚಿದ ಬಾಯಿಗಳು ಮರಗಳನ್ನು ಬೋಳುಮಾಡಿದುವು, ಮರಗಳು ಒಣಗಿದುವು. 2013ರಲ್ಲಿ ಕೋಆಲಗಳು ಹಸಿವಿನಿಂದ ಸಾಯತೊಡಗಿದುವು. ಮೂಳೆಚಕ್ಕಳವಾಗಿ ಬದುಕುಳಿಯಲಾರದೆ ನರಳುತ್ತಿದ್ದ ಸುಮಾರು ಏಳುನೂರು ಪ್ರಾಣಿಗಳಿಗೆ ಅಲ್ಲಿನ ಸರಕಾರವೇ ಚುಚ್ಚುಮದ್ದಿನಿಂದ ನೋವಿಲ್ಲದ ಸಾವನ್ನು ಕೊಡಿಸಬೇಕಾಯಿತು. ಇದೆಲ್ಲ ನಡೆಯುತ್ತಿದ್ದಾಗ ಪಕ್ಕದಲ್ಲಿಯೇ ಮೆಸ್‌ಮೇಟ್ ಎಂಬ ಇನ್ನೊಂದು ಪ್ರಭೇದದ ನೀಲಗಿರಿ ಮರಗಳು ಎಲೆ ತುಂಬಿಕೊಂಡು ನಿಂತಿದ್ದುವು. ಬೇರೆ ಕೋಆಲಗಳು ತಿಂದು ಬದುಕುವ ಎಲೆಯೇ ಅದು. ಮನ್ನಾ ಗಮ್ಮಿಗೆ ಒಗ್ಗಿದ ಕೋಆಲಗಳು ಉಪವಾಸದಲ್ಲಿಯೂ ಅದರತ್ತ ತಿರುಗಲಿಲ್ಲ.

ಏಕೆಂಬುದನ್ನು ಪರೀಕ್ಷಿಸಲು ಮೈಕೇಲಾ ಬ್ಲೈಟನ್ ಮತ್ತು ಅವರ ಸಂಗಡಿಗರು ಒಂದು ಪ್ರಯೋಗವನ್ನು ಹೂಡಿದರು. ಮೆಸ್‌ಮೇಟ್ ತಿನ್ನುವ ಕೋಆಲಗಳ ಹಿಕ್ಕೆಯನ್ನು ಸಂಸ್ಕರಿಸಿ, ಜಠರದ ಆಮ್ಲಕ್ಕೆ ಕರಗದ ಗುಳಿಗೆಗಳಲ್ಲಿ ತುಂಬಿ, ಮನ್ನಾ ಗಮ್ ಕೋಆಲಗಳಿಗೆ ನುಂಗಿಸಿದರು. ತಾಯಿ ಕೊಟ್ಟ ಗಂಜಿಯ ಕೆಲಸವನ್ನೇ ಮನುಷ್ಯರು ಎರಡನೆಯ ಸಲ ಮಾಡಿದಂತಾಯಿತು. ಕೆಲವು ಪ್ರಾಣಿಗಳ ಕರುಳಿನಲ್ಲಿ ಹೊಸ ಬ್ಯಾಕ್ಟೀರಿಯಗಳು ನೆಲೆಯೂರಿದುವು; ಹಾಗೆ ನೆಲೆಯೂರಿದಷ್ಟೂ ಅವು ಮೆಸ್‌ಮೇಟ್ ಎಲೆಯನ್ನು ಹೆಚ್ಚಾಗಿ ತಿನ್ನತೊಡಗಿದುವು. 2019ರಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ಓದಿದಾಗ, ಕೋಆಲದ ಹಟವೆಂದು ನಾವು ತಿಳಿದಿದ್ದುದು ಬಹಳ ಮಟ್ಟಿಗೆ ಅದರ ಅಡುಗೆಭಟ್ಟರ ಅಸಾಮರ್ಥ್ಯವೆಂಬುದು ಮನವರಿಕೆಯಾಗುತ್ತದೆ.

ದಕ್ಷಿಣದಲ್ಲಿ ಕೆಲವೆಡೆ ಪ್ರಾಣಿ ಹೆಚ್ಚಾಗಿ ಮರ ಸಾಲದೆ ಹೋದರೆ, ಉತ್ತರದಲ್ಲಿ ಮರವೇ ಹೋಗಿ ಪ್ರಾಣಿ ಇಲ್ಲವಾಗುತ್ತಿದೆ. ಕ್ವೀನ್ಸ್‌ಲೆಂಡ್, ನ್ಯೂ ಸೌತ್ ವೇಲ್ಸ್‌ಗಳಲ್ಲಿ ಒಳ್ಳೆಯ ಮಣ್ಣಿನ ನೆಲದಲ್ಲಿಯೇ ಒಳ್ಳೆಯ ಎಲೆಯ ಮರಗಳು. ಹೊಲಗದ್ದೆಗಳಿಗೂ ಊರುಗಳಿಗೂ ಜನ ಕಡಿದದ್ದು ಆ ನೆಲವನ್ನೇ. ಮರದಿಂದ ಮರಕ್ಕೆ ಹೋಗಲು ನೆಲಕ್ಕಿಳಿದ ಕೋಆಲ ಮೋಟಾರಿಗೋ ನಾಯಿಗೋ ತುತ್ತಾಗುತ್ತದೆ. 2012ರಲ್ಲಿ ಈ ಎರಡು ಪ್ರಾಂತಗಳ ಮತ್ತು ರಾಜಧಾನಿ ಪ್ರದೇಶದ ಕೋಆಲಗಳನ್ನು ಅಪಾಯಕ್ಕೆ ಪಕ್ಕಾಗಬಲ್ಲವೆಂದು ಪಟ್ಟಿಮಾಡಿದ್ದ ಕೇಂದ್ರ ಸರಕಾರ, 2022ರಲ್ಲಿ ಅವನ್ನು ಅಳಿವಿನಂಚಿನ ಪಟ್ಟಿಗೆ ಏರಿಸಿತು. ತಕ್ಕ ಕ್ರಮ ಕೈಗೊಳ್ಳದಿದ್ದರೆ 2050ಕ್ಕೆ ಮೊದಲೇ ನ್ಯೂ ಸೌತ್ ವೇಲ್ಸಿನ ಕಾಡುಗಳಲ್ಲಿ ಕೋಆಲ ಇರಲಾರದೆಂದು ಅಲ್ಲಿನ ಶಾಸನಸಭೆಯ ಸಮಿತಿ 2020ರಲ್ಲಿ ವರದಿ ಕೊಟ್ಟಿತ್ತು. ಇದಕ್ಕೆ ಜೊತೆಗೂಡಿದುದು ಕ್ಲಮೀಡಿಯ ಎಂಬ ರೋಗ. ಕೋಆಲವನ್ನು ಅದು ಕುರುಡಾಗಿಸುತ್ತದೆ, ಬಂಜೆಯಾಗಿಸುತ್ತದೆ. ಜೀವಿರೋಧಕ ಔಷಧಗಳಿಂದ ಅದು ಗುಣವಾಗುವುದುಂಟು. ಆದರೆ ಅದೇ ಔಷಧ ಅಂಧಾಂತ್ರದ ಬ್ಯಾಕ್ಟೀರಿಯಗಳನ್ನೂ ಕೊಲ್ಲುತ್ತದೆ; ರೋಗದಿಂದ ಪಾರಾದ ಪ್ರಾಣಿ ಹೊಟ್ಟೆ ತುಂಬ ಎಲೆಯಿದ್ದೂ ಹಸಿವಿನಿಂದ ಸಾಯಬಹುದು. ಈ ಸಂಕಟದಿಂದ ಪಾರಾಗಲೆಂದೇ ಸನ್‌ಶೈನ್ ಕೋಸ್ಟ್ ವಿಶ್ವವಿದ್ಯಾನಿಲಯದವರು ಹಲವು ವರ್ಷ ದುಡಿದು ರೂಪಿಸಿದ ಲಸಿಕೆಗೆ 2025ರಲ್ಲಿ ಒಪ್ಪಿಗೆ ದೊರೆತಿದೆ.

ಇನ್ನು ನಮ್ಮ ವಿದ್ಯಾರ್ಥಿಗಳ ಪ್ರಶ್ನೆ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಟಿಪ್ಪುಸುಲ್ತಾನನ ಕಾಲಕ್ಕೆ ನಂದಿಬೆಟ್ಟದಲ್ಲಿ ನೆಟ್ಟರೆಂದು ಹೇಳಲಾಗುವ ನೀಲಗಿರಿಗಳ ಸಂತತಿಯೇ ಮುಂದೆ 'ಮೈಸೂರ್ ಗಮ್' ಎಂಬ ಹೆಸರಿನಿಂದ ದೇಶದಲ್ಲೆಲ್ಲ ಹಬ್ಬಿತು. ಅದರ ಮುಖ್ಯ ಪ್ರಭೇದ ಕ್ವೀನ್ಸ್‌ಲೆಂಡಿನಲ್ಲಿ ಕೋಆಲಗಳು ಬಹುವಾಗಿ ಮೆಚ್ಚುವ ಊಟದ ಮರ! ಎಲೆಯ ಹೆಸರನ್ನು ಮಾತ್ರ ನೋಡುವುದಾದರೆ ಕೋಆಲ ನಮ್ಮಲ್ಲಿ ಬದುಕಬೇಕು. ಆದರೆ ಎಲೆಯ ವಿಷ ಮಣ್ಣಿನಿಂದ ಮಣ್ಣಿಗೆ, ಮರದಿಂದ ಮರಕ್ಕೆ ಬೇರೆ. ಕೊನೆಯ ತೀರ್ಪು ತಾಯಿಯಿಂದ ಬಂದ ಬ್ಯಾಕ್ಟೀರಿಯಗಳದು. ತಬ್ಬಿಕೊಳ್ಳಲು ದಪ್ಪ ಕಾಂಡವೂ ಬೇಕು, ನಮ್ಮ ತೋಪುಗಳಲ್ಲಿಯೋ ಏಳೆಂಟು ವರ್ಷಕ್ಕೆ ಕಡಿಯುವ ಗಳುಗಳೇ ಹೆಚ್ಚು. ಜಪಾನಿನ ನಗೋಯ ಮೊದಲಾದ ಮೃಗಾಲಯಗಳಿಗೆ 1984ರಲ್ಲಿ ಕೋಆಲಗಳು ಬಂದಾಗ, ಅವುಗಳಿಗಾಗಿಯೇ ಹಲವು ಪ್ರಭೇದಗಳ ನೀಲಗಿರಿ ತೋಟಗಳನ್ನು ಬೆಳೆಸಬೇಕಾಯಿತು. ನಿನ್ನೆ ಮೆಚ್ಚಿದ ಎಲೆಯನ್ನು ಕೋಆಲ ಇಂದು ಒಲ್ಲೆನೆನ್ನಬಹುದು. ಆದ್ದರಿಂದ ಪ್ರತಿದಿನವೂ ನಾಲ್ಕಾರು ಬಗೆಯನ್ನು ಮುಂದಿಡುತ್ತಾರೆ.

ತೋಪಿನ ನೀಲಗಿರಿಯನ್ನು ಕೋಆಲ ತಾನಾಗಿ ಆರಿಸಿಕೊಂಡ ಒಂದು ಉದಾಹರಣೆ ಇಲ್ಲದಿಲ್ಲ. ವಿಕ್ಟೋರಿಯದ ನೈಋತ್ಯದಲ್ಲಿ ಕಾಗದದ ತಿರುಳಿಗಾಗಿ ಬ್ಲೂ ಗಮ್ ಮರಗಳನ್ನು, ಎಂದರೆ ನಮ್ಮ ಊಟಿಯ ಗುಡ್ಡಗಳ ಮೇಲೆ ಕಾಣುವ ನೀಲಗಿರಿಯನ್ನೇ, ವಿಸ್ತಾರವಾಗಿ ಬೆಳೆದಿದ್ದಾರೆ. ಸುತ್ತಲ ಕಾಡಿನ ಕೋಆಲಗಳು ಸಾವಿರಗಟ್ಟಲೆಯಾಗಿ ಅಲ್ಲಿಗೆ ಬಂದು ನೆಲಸಿವೆ. ಮರಗಳು ಕೊಯ್ಲಿಗೆ ಬಂದಾಗ ಕಡಿಯುವ ಯಂತ್ರಕ್ಕಿಂತ ಮುಂದಾಗಿ ನೋಟಗಾರರು ಹೋಗಿ, ಒಂದೊಂದು ನೆತ್ತಿಯನ್ನೂ ಕತ್ತೆತ್ತಿ ಪರೀಕ್ಷಿಸುತ್ತಾರೆ. ಕೋಆಲ ಕುಳಿತ ಮರಕ್ಕೂ ಅದರ ಸುತ್ತಣ ಕೆಲವು ಮರಗಳಿಗೂ ಗುರುತು ಹಾಕಿ ಹಾಗೆಯೇ ಬಿಡುತ್ತಾರೆ. ಉಳಿದುದೆಲ್ಲ ಸಂಜೆಯೊಳಗೆ ನೆಲಸಮವಾಗುತ್ತದೆ. ಬಯಲ ನಡುವೆ ಉಳಿದ ಆ ಹತ್ತು ಮರಗಳ ಗುಂಪಿನಿಂದ ಕೋಆಲ ರಾತ್ರಿ ಕೆಳಗಿಳಿದು ಎಲ್ಲಿಗಾದರೂ ಹೋಗುವುದೆಂದು ಕಾಯುತ್ತಾರೆ.